ಕಡಲೂ ಬೇಕು, ಬೆಟ್ಟವೂ ಬೇಕು ಎನ್ನುವವರು ಮನೆ ಹುಡುಕುವ ಬಗೆ

ನಾನು ಹುಟ್ಟಿದ್ದು ಮಲ್ಪೆಯಲ್ಲಿ. ನಮ್ಮ ಯಜಮಾನರು ಅರಸೀಕೆರೆಯವರು, ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತಿ ಇಳಿದು ಬೆಳೆದವರು. ಅಂಚೆ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿ 2022ರಲ್ಲಿ ಬೆಂಗಳೂರಿನಲ್ಲಿ ನಿವೃತ್ತಳಾದಾಗ ನನಗಿದ್ದದ್ದು ಒಂದೇ ಆಸೆ: ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಅಮ್ಮನ ಮನೆ ತಲುಪಬೇಕು. ಯಜಮಾನರಿಗೆ ಕರಾವಳಿಯ ಸೆಕೆ ಆಗುವುದಿಲ್ಲ. ಬೆಟ್ಟ ಬೇಕು, ತಂಪು ಬೇಕು. ಹಾಗಾಗಿ ಘಟ್ಟದ ಮೇಲೆಯೇ ಮನೆ ಹುಡುಕಲು ಹೊರಟೆವು. ಹಾಸನದಲ್ಲಿ ಒಂದು ವರ್ಷ, ಸಕಲೇಶಪುರದಲ್ಲಿ ಒಂದು ವರ್ಷ ಬಾಡಿಗೆಗಿದ್ದು ಈಗ ಮೂಡಿಗೆರೆಯಲ್ಲಿ ನೆಲೆಸಿದ್ದೇವೆ. ಇದೇ ಆಸೆ ಹೊತ್ತು ಬರುವವರು ಈಚೆಗೆ ಬಹಳ. ಹೆಚ್ಚಿನವರು ಡಿಸೆಂಬರಿನಲ್ಲಿ ಬಂದು, ಮಂಜು ನೋಡಿ, ಮುಂಗಡ ಕೊಟ್ಟು ಹೋಗುತ್ತಾರೆ. ಸಕಲೇಶಪುರದ ಮನೆಯ ವಿಷಯದಲ್ಲಿ ನಾವೂ ಹಾಗೆಯೇ ಮಾಡಿದೆವು.

ಮೊದಲು ದೂರದ ಲೆಕ್ಕ ಸರಿಮಾಡಿಕೊಳ್ಳಿ. ಸಕಲೇಶಪುರದಿಂದ ಮಂಗಳೂರಿಗೆ ಸುಮಾರು 130 ಕಿಲೋಮೀಟರ್, ಚಾರ್ಮಾಡಿ ಘಾಟಿಯ ನೆತ್ತಿಯಲ್ಲಿರುವ ಕೊಟ್ಟಿಗೆಹಾರದಿಂದ ಹೆಚ್ಚು ಕಡಿಮೆ 100. ನಕ್ಷೆ ಇಷ್ಟನ್ನೇ ಹೇಳುತ್ತದೆ. ನಡುವೆ ಇರುವ ಘಾಟಿ ಆ ದಿನ ತೆರೆದಿದೆಯೇ ಎಂಬುದನ್ನು ಹೇಳುವುದಿಲ್ಲ. ಹಾಸನ ಜಿಲ್ಲೆಯವರು ಇಳಿಯುವುದು ಶಿರಾಡಿಯಲ್ಲಿ, ರಾಷ್ಟ್ರೀಯ ಹೆದ್ದಾರಿ 75. ಚಿಕ್ಕಮಗಳೂರು, ಮೂಡಿಗೆರೆಯವರು ಇಳಿಯುವುದು ಚಾರ್ಮಾಡಿಯಲ್ಲಿ, ಹೆದ್ದಾರಿ 73. ಕಾಂಕ್ರೀಟ್ ಹಾಕುವುದಕ್ಕೆಂದು 2015ರಲ್ಲೂ 2018ರಲ್ಲೂ ಶಿರಾಡಿಯನ್ನು ತಿಂಗಳುಗಟ್ಟಲೆ ಮುಚ್ಚಿದ್ದರು. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಹಲವೆಡೆ ಕುಸಿದು ವಾರಗಟ್ಟಲೆ ಬಂದ್ ಆಯಿತು. ಆಮೇಲೂ ಬಹಳ ದಿನ ಸಣ್ಣ ವಾಹನಗಳನ್ನು ಮಾತ್ರ ಬಿಡುತ್ತಿದ್ದರು. ಬಿಸಿಲೆ ಘಾಟಿಯಿಂದ ಸುಬ್ರಹ್ಮಣ್ಯಕ್ಕೆ ಇಳಿಯಬಹುದು, ಕಳಸ, ಕುದುರೆಮುಖದ ಮೇಲೆ ಕಾರ್ಕಳಕ್ಕೂ ಹೋಗಬಹುದು. ಅವೆರಡೂ ಕಾಡಿನ ದಾರಿ. ಕತ್ತಲಾದ ಮೇಲೆ ನೆಚ್ಚಿಕೊಳ್ಳುವಂಥವಲ್ಲ.

ರೈಲು ಇದೆಯಲ್ಲ ಎಂದು ನಾವೂ ಧೈರ್ಯವಾಗಿದ್ದೆವು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗೆ ಸುಮಾರು 55 ಕಿಲೋಮೀಟರ್, 57 ಸುರಂಗ. ನಿಧಾನವಾದರೂ ಚೆಂದದ ಪ್ರಯಾಣ. ಆದರೆ 2024ರ ಜುಲೈಯಲ್ಲಿ ದೊಡ್ಡತಪ್ಪಲು ಬಳಿ ಗುಡ್ಡ ಜರಿದು ಶಿರಾಡಿ ಮತ್ತೆ ಮತ್ತೆ ಮುಚ್ಚಿತು. ಅದೇ ತಿಂಗಳ ಕೊನೆಗೆ ಎಡಕುಮರಿ, ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಕುಸಿದು ಎರಡು ವಾರದಷ್ಟು ಕಾಲ ರೈಲೂ ನಿಂತಿತು. ಅಮ್ಮ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡದ್ದು ಆ ದಿನಗಳಲ್ಲೇ. ತಮ್ಮನ ಫೋನ್ ಬಂದಾಗ ಬೆಳಗಿನ ಐದು ಗಂಟೆ. ಹಾನುಬಾಳಿನ ಮೇಲೆ ಮೂಡಿಗೆರೆಗೆ ಹೋಗಿ, ಅಲ್ಲಿಂದ ಕೊಟ್ಟಿಗೆಹಾರ ಸೇರಿ, ಚಾರ್ಮಾಡಿಯಲ್ಲಿ ಬಿದ್ದ ಮರವೊಂದನ್ನು ಕೊಯ್ದು ತೆಗೆಯುವವರೆಗೆ ಕಾದು, ಉಜಿರೆ, ಬೆಳ್ತಂಗಡಿ, ಕಾರ್ಕಳ ದಾಟಿ ನಾವು ಉಡುಪಿ ಮುಟ್ಟುವಾಗ ದೀಪ ಹಚ್ಚುವ ಹೊತ್ತಾಗಿತ್ತು. ಅಂದು ಆ ಮರದ ಮುಂದೆ ಕಾರಿನಲ್ಲಿ ಕುಳಿತಾಗಲೇ ಮೂಡಿಗೆರೆಯನ್ನು ಆರಿಸಿಕೊಂಡೆವು ಎನ್ನಬೇಕು. ಅಲ್ಲಿಂದ ಚಾರ್ಮಾಡಿಯ ನೆತ್ತಿ ಸುಮಾರು ಇಪ್ಪತ್ತು ಕಿಲೋಮೀಟರ್. ಅದು ಮುಚ್ಚಿದರೆ ಸಕಲೇಶಪುರಕ್ಕೆ ಹೋಗಿ ಶಿರಾಡಿಯನ್ನೋ ರೈಲನ್ನೋ ಹಿಡಿಯಬಹುದು. ಒಂದೇ ಘಾಟಿಯನ್ನು ನಂಬಿದ ಊರು ಎಷ್ಟೇ ಸುಂದರವಾಗಿರಲಿ, ಕಡಲ ಕಡೆ ನಿಮ್ಮವರಿದ್ದರೆ ಆರಿಸಬೇಡಿ.

ಎರಡನೆಯದು, ಮನೆಯನ್ನು ಪುಷ್ಯ ಮಳೆಯಲ್ಲಿ ನೋಡಿ. ಆರಿದ್ರ, ಪುನರ್ವಸು ಹೊಯ್ದು ನೆಲ ನೀರು ಕುಡಿದು ಸಾಕಾಗಿರುವ ಹೊತ್ತು ಅದು, ಜುಲೈ ಮೂರನೇ ವಾರದಿಂದ ಆಗಸ್ಟ್ ಮೊದಲ ದಿನಗಳವರೆಗೆ. ಲಾಡ್ಜಿನಲ್ಲಿ ನಾಲ್ಕು ದಿನವಾದರೂ ಉಳಿಯಿರಿ. ಈ ಸೀಮೆಯಲ್ಲಿ ಹತ್ತು ಹದಿನೈದು ಕಿಲೋಮೀಟರಿಗೆ ಮಳೆ ಬದಲಾಗುತ್ತದೆ. ಕೊಟ್ಟಿಗೆಹಾರದಲ್ಲಿ ಕೊಡೆ ನಿಲ್ಲದಷ್ಟು ಸುರಿಯುವಾಗ ಮೂಡಿಗೆರೆಯಲ್ಲಿ ಸಾಧಾರಣ ಮಳೆ, ಬೇಲೂರಿನಲ್ಲಿ ತುಂತುರು, ಹಾಸನದಲ್ಲಿ ಬಟ್ಟೆ ಒಣಗಿಸುವಷ್ಟು ಬಿಸಿಲು ಇರುವುದುಂಟು. ತೋಟದವರು ಮಳೆಯನ್ನು ಇಂಚು, ಸೆಂಟ್ಸ್ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ದಿನವೂ ಬರೆದಿಡುತ್ತಾರೆ. ನೀವು ನೋಡಿದ ಮನೆಯ ಹತ್ತಿರದ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿದರೆ ಹತ್ತಾರು ವರ್ಷದ ಪುಸ್ತಕ ತೆಗೆದು ತೋರಿಸುತ್ತಾರೆ. ಯಾವ ಜಾಹೀರಾತಿಗಿಂತಲೂ ಆ ಪುಸ್ತಕವೇ ಮೇಲು.

ಮನೆಯೊಳಗೆ ಹೋಗುವ ಮುಂಚೆ ಹಿತ್ತಲಿಗೆ ಹೋಗಿ. ಗುಡ್ಡ ಕಡಿದು ಮಟ್ಟ ಮಾಡಿದ ಜಾಗವೇ? ಹಾಗಿದ್ದರೆ ಧರೆ, ಅಂದರೆ ಗುಡ್ಡ ಕಡಿದಲ್ಲಿ ನಿಂತ ಮಣ್ಣಿನ ಗೋಡೆ, ಮನೆಯಿಂದ ಎಷ್ಟು ದೂರವಿದೆ, ಎಷ್ಟು ಎತ್ತರವಿದೆ ನೋಡಿ. ಧರೆಯ ಮೇಲ್ಗಡೆ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿರಬೇಕು. ಧರೆಯ ಬುಡದಿಂದ ಕೆಸರು ನೀರು ಒಸರುತ್ತಿದ್ದರೆ, ನೆತ್ತಿಯಲ್ಲಿ ಬಿರುಕು ಕಂಡರೆ, ಮರಗಳು ಮನೆಯತ್ತ ವಾಲಿದ್ದರೆ ಅಲ್ಲಿಂದಲೇ ಹಿಂದಿರುಗಿ. 2019ರಲ್ಲಿ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿಯವರು ಗುಡ್ಡ ಕುಸಿದು ಮನೆ ಕಳೆದುಕೊಂಡರು. ಜೆಸಿಬಿ ಒಂದು ದಿನದಲ್ಲಿ ನೆಟ್ಟಗೆ ಕಡಿದ ಧರೆಯ ಕೆಳಗೆ ಹೊಸ ಮನೆ ಕಟ್ಟಿ ಮಾರುವುದನ್ನು ಕಂಡಾಗ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಆಮೇಲೆ ಪಶ್ಚಿಮದ ಗೋಡೆ. ಮಳೆಗಾಳಿ ಬಡಿಯುವುದು ಅದಕ್ಕೆ. ಹಳಬರು ಅಡಿಕೆ ಸೋಗೆಯ ತಟ್ಟಿ ಕಟ್ಟಿ ಆ ಗೋಡೆಯನ್ನು ಮುಚ್ಚುತ್ತಿದ್ದರು. ಈಗ ತಗಡಿನ ಶೀಟು ಹೊಡೆಸುತ್ತಾರೆ. ಎರಡೂ ಇಲ್ಲದೆ ಹೊಸ ಬಣ್ಣ ಮಾತ್ರ ಹೊಳೆಯುತ್ತಿದ್ದರೆ ಗೋಡೆಗೆ ಅಂಗೈ ಇಟ್ಟು ನೋಡಿ. ಒಳಗಿನ ಅಲ್ಮೇರಾಗಳ ಬಾಗಿಲು ತೆಗೆಸಿ ಮೂಗು ಹಾಕಿ. ಸಕಲೇಶಪುರದ ನಮ್ಮ ಬಾಡಿಗೆ ಮನೆಯನ್ನು ನಾವು ನೋಡಿದ್ದು ಎಳೆಬಿಸಿಲಿನ ಚಳಿಗಾಲದಲ್ಲಿ. ಮೊದಲ ಮಳೆಗಾಲದಲ್ಲೇ ನನ್ನ ಮದುವೆಯ ಸೀರೆಗೆ ಬೂಷ್ಟು ಹಿಡಿದು ಜರಿ ಕಪ್ಪಾಯಿತು. ಮನೆಯ ಮಾಲೀಕರು ‘ಮಲೆನಾಡು ಎಂದರೆ ಇದೇ ಅಲ್ಲವೇ ಅಮ್ಮಾ’ ಎಂದರು. ಅಲ್ಲ. ಅಡುಗೆಮನೆಯಲ್ಲಿ ಸೌದೆ ಒಲೆ, ಬಚ್ಚಲಲ್ಲಿ ಹಂಡೆ ಒಲೆ ಉರಿಯುವ ಹೆಂಚಿನ ಮನೆಗಳಲ್ಲಿ ಜುಲೈಯಲ್ಲೂ ಹಪ್ಪಳ ಗರಿಗರಿಯಾಗಿಯೇ ಇರುವುದನ್ನು ಇಲ್ಲಿ ಕಂಡಿದ್ದೇನೆ. ಒಲೆಗೆ ಜಾಗ, ಸೌದೆಗೆ ಕೊಟ್ಟಿಗೆ, ಬಟ್ಟೆಗೆ ಸೂರು ಇರುವ ಪಡಸಾಲೆ, ಇವು ಮೂರು ಇದ್ದರೆ ಮನೆ ಸಣ್ಣದಾದರೂ ಸಾಕು.

ಅದೇ ಮನೆಯನ್ನು ಇನ್ನೊಮ್ಮೆ ಏಪ್ರಿಲ್‌ನಲ್ಲಿ ನೋಡಿ. ಇಷ್ಟು ಮಳೆಯ ಊರಿನಲ್ಲಿ ನೀರಿಗೆ ಬರವೇ ಎನ್ನಬೇಡಿ. ಕಾಫಿ ಹೂ ಅರಳಿಸುವ ಹೂಮಳೆ ತಡವಾದ ವರ್ಷ ಗಿಡಕ್ಕೆ ಸ್ಪ್ರಿಂಕ್ಲರ್ ಹಾಯಿಸಲು ಹಳ್ಳಕೊಳ್ಳಗಳಿಗೆ ಮೋಟರ್ ಇಳಿಸುತ್ತಾರೆ. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಬೆರಳಿನಷ್ಟು ಸಣ್ಣಗಾಗುತ್ತದೆ. ಬಾವಿಗೆ ಹಗ್ಗ ಇಳಿಸಿ ಅಳತೆ ತೆಗೆದುಕೊಳ್ಳಿ.

ಊರಿನ ನಿಜ ತಿಳಿಯಲು ಅಂಚೆಯಣ್ಣನನ್ನು ಮಾತಾಡಿಸಿ. ನನ್ನ ಇಲಾಖೆಯ ಅಭಿಮಾನದಿಂದ ಹೇಳುತ್ತಿಲ್ಲ. ಮಳೆಯಲ್ಲಿ ಯಾವ ಮೋರಿ ಮುಳುಗುತ್ತದೆ, ಯಾವ ಮನೆಗೆ ವಾರಗಟ್ಟಲೆ ದಾರಿ ಇರುವುದಿಲ್ಲ, ಕರೆಂಟ್ ಹೋದರೆ ಎಷ್ಟು ದಿನಕ್ಕೆ ಬರುತ್ತದೆ, ಮೊಬೈಲ್ ಸಿಗ್ನಲ್ ಯಾವ ತಿರುವಿನಲ್ಲಿ ಸಾಯುತ್ತದೆ ಎಂಬುದೆಲ್ಲ ಹಳ್ಳಿಯ ಗ್ರಾಮೀಣ ಅಂಚೆ ಸೇವಕರಿಗೆ ಕಾಲಿನಿಂದಲೇ ಗೊತ್ತು. ಆನೆಯ ಓಡಾಟವೂ ಅವರಿಗೆ ಗೊತ್ತು. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ತಾಲ್ಲೂಕುಗಳಲ್ಲಿ ಆನೆ ತೋಟದೊಳಗೇ ಇರುತ್ತದೆ. ದಸರಾ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರು ಕಡೆ ಕಾಡಾನೆ ಕಾರ್ಯಾಚರಣೆಯಲ್ಲೇ ಸತ್ತದ್ದು. ಆ ದಿನ ನಮ್ಮ ಬೀದಿಯಲ್ಲಿ ಯಾರೂ ಒಲೆ ಸರಿಯಾಗಿ ಹಚ್ಚಲಿಲ್ಲ. ಬೆಳಗಿನ ನಡಿಗೆಯ ಆಸೆಯಿಂದ ಬರುವವರು ಪೇಟೆಗೆ ಅಂಟಿಕೊಂಡ ಬೀದಿಯಲ್ಲೇ ಮನೆ ಹಿಡಿಯುವುದು ಒಳ್ಳೆಯದು. ಒಂಟಿ ಮನೆ ಬೇಡ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರು ಕಳಿಸುವ ಸಂದೇಶಗಳ ಪಟ್ಟಿಗೆ ಬಂದ ವಾರವೇ ನಿಮ್ಮ ನಂಬರ್ ಸೇರಿಸಿ.

ಆಸ್ಪತ್ರೆಯನ್ನು ಯಾವಾಗಲೂ ಘಟ್ಟದ ಮೇಲಿನದನ್ನೇ ಲೆಕ್ಕಕ್ಕೆ ಹಿಡಿಯಿರಿ. ಮಂಗಳೂರಿನ ಆಸ್ಪತ್ರೆಗಳು ದೊಡ್ಡವು, ಆದರೆ ಎದೆನೋವು ಬಂದ ರಾತ್ರಿ ಘಾಟಿ ತೆರೆದಿರಬೇಕಲ್ಲ. ನಮಗೆ ಚಿಕ್ಕಮಗಳೂರು ಸುಮಾರು 30 ಕಿಲೋಮೀಟರ್, ಹಾಸನ ಅದರ ಎರಡರಷ್ಟು. ಎರಡೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅರವತ್ತು ದಾಟಿದವರು, ಹೃದಯದ ತೊಂದರೆ ಇದ್ದವರು ಹಾಸನ ಅಥವಾ ಚಿಕ್ಕಮಗಳೂರು ನಗರದಲ್ಲೇ ಮನೆ ಮಾಡಿ ಮಲೆನಾಡಿಗೆ ಹೋಗಿಬರುವುದು ಮೇಲು ಎಂದು ನನಗನ್ನಿಸುತ್ತದೆ. ಚಿಕ್ಕಮಗಳೂರಿನಲ್ಲಿ ಮುಳ್ಳಯ್ಯನಗಿರಿಯ ಸಾಲು ಊರೊಳಗಿಂದಲೇ ಕಾಣುತ್ತದೆ.

ಕೊಳ್ಳುವುದಾದರೆ ಕಾಗದ. ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಎಂಬುದು ನಿಜ. ಆದರೆ ಮಾರುವವರ ಕೈಯಲ್ಲಿರುವುದು ನಿಜವಾಗಿ ಅವರದೇ ಎಂಬುದನ್ನು ನೀವೇ ನೋಡಬೇಕು. ಪಹಣಿಯ 9ನೇ ಕಾಲಂನಲ್ಲಿ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕುಗಳು, ಜೊತೆಗೆ ಮ್ಯುಟೇಷನ್ (ಹಕ್ಕು ಬದಲಾವಣೆಯ ದಾಖಲೆ), ಋಣಭಾರ ಪ್ರಮಾಣಪತ್ರ, ಪೋಡಿ ಆದ, ಅಂದರೆ ಪಾಲನ್ನು ಅಳೆದು ಬೇರೆ ಮಾಡಿದ ನಕ್ಷೆ. ಪೋಡಿಯಾಗದ ಜಂಟಿ ಪಹಣಿಯ ತುಂಡು ಜಾಗಕ್ಕೆ ಹಣ ಕೊಡಬೇಡಿ. ಜಾಗದಲ್ಲಿ ನಿಂತು ದಿಶಾಂಕ್ ಆ್ಯಪ್ ತೆರೆದರೆ ಕಾಲ ಕೆಳಗಿನ ಸರ್ವೆ ನಂಬರ್ ತೋರಿಸುತ್ತದೆ. ನಮಗೆ ತೋರಿಸಿದ ‘ಹೊಳೆಯಂಚಿನ ಜಾಗ’ವೊಂದು ಸರ್ಕಾರಿ ನಂಬರಿನಲ್ಲಿರುವುದು ಹಾಗೆಯೇ ಗೊತ್ತಾಯಿತು. ಅರಣ್ಯದ ಪಕ್ಕದ ಜಾಗವಾದರೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ ಸರ್ವೆ ನಂಬರ್ ಕೊಟ್ಟು ವಿಚಾರಿಸಿ, ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಪಟ್ಟಿಯಲ್ಲಿ ಆ ಗ್ರಾಮ ಇದೆಯೇ ಎಂಬುದನ್ನೂ ನೋಡಿ. ಏನೇ ಆಗಲಿ, ಹನ್ನೊಂದು ತಿಂಗಳ ಬಾಡಿಗೆ ಕರಾರು ಮೊದಲು, ಕ್ರಯಪತ್ರ ಆಮೇಲೆ.

ಇನ್ನು ಕಡಲಿನಿಂದ ಬಂದವರಿಗೆ ಒಂದು ಮಾತು. ಇಲ್ಲಿನ ಸಂತೆಗೆ ಬಂಗುಡೆ, ಭೂತಾಯಿ ಐಸಿನಲ್ಲಿ ಬರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಘಾಟಿಗಳೂ ಅದೇ ತಿಂಗಳುಗಳಲ್ಲೇ ಕೈಕೊಡುತ್ತವೆ. ಅಮ್ಮನನ್ನು ಈಗ ಮೇ ಕೊನೆಯ ವಾರದಲ್ಲೇ, ಮಳೆ ಹಿಡಿಯುವ ಮುಂಚೆ, ಮಲ್ಪೆಯಿಂದ ಕರೆತರುತ್ತೇವೆ. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ನಿಲ್ಲಿಸಿದಾಗಲೂ ಅವರು ಒಣ ಸಿಗಡಿಯ ಡಬ್ಬಿಯನ್ನು ಮಡಿಲಿನಿಂದ ಇಳಿಸುವುದಿಲ್ಲ.