ಹ್ಯೂಸ್ಟನ್‌ಗೆ ಬಂದ ಹೊಸಬರಿಗೆ: ಆಪತ್ಕಾಲಕ್ಕೆ ದಿನಸಿ ಕೂಡಿಡುವ ಬಗೆ

ಹ್ಯೂಸ್ಟನ್ನಿಗೆ ಬಂದು ಮನೆ ಹೂಡಿದ ಕೂಡಲೇ ನಮ್ಮವರು ಹುಡುಕಿಕೊಂಡು ಹೋಗುವುದು ಭಾರತೀಯ ದಿನಸಿ ಅಂಗಡಿಗಳನ್ನು. 20 ಪೌಂಡಿನ ಸೋನಾ ಮಸೂರಿ ಮೂಟೆ, ತೊಗರಿಬೇಳೆ, ರವೆ, ಗೋಧಿ ಹಿಟ್ಟು ಎಲ್ಲ ಬಂದು ಕಪಾಟು ತುಂಬಿದ ಮೇಲೆ, ಏನೇ ಆದರೂ ಒಂದು ತಿಂಗಳು ಊಟಕ್ಕೆ ಚಿಂತೆಯಿಲ್ಲ ಎಂಬ ಧೈರ್ಯ ಬರುತ್ತದೆ. ಆ ಧೈರ್ಯವನ್ನು ಪೂರ್ತಿ ನಂಬಬೇಡಿ. ಅಕ್ಕಿ ಬೇಳೆ ಊಟವಾಗಬೇಕಾದರೆ ನೀರು ಬೇಕು, ಒಲೆ ಬೇಕು. ಈ ಊರಿನಲ್ಲಿ ಆಪತ್ತು ಬಂದಾಗ ಮೊದಲು ಕೈಕೊಡುವುದು ಅವೆರಡೇ.

2021ರ ಫೆಬ್ರುವರಿಯ ಹಿಮಗಾಳಿಯಲ್ಲಿ ಟೆಕ್ಸಸ್‌ನ ಲಕ್ಷಾಂತರ ಮನೆಗಳಿಗೆ ವಿದ್ಯುತ್ ಹೋಯಿತು, ನಲ್ಲಿಯ ಕೊಳವೆಗಳು ಹೆಪ್ಪುಗಟ್ಟಿ ಒಡೆದವು, ಹ್ಯೂಸ್ಟನ್‌ನಲ್ಲಿ ನೀರನ್ನು ಕುದಿಸಿಯೇ ಕುಡಿಯಿರಿ ಎಂಬ ಸೂಚನೆ ದಿನಗಟ್ಟಲೆ ಜಾರಿಯಲ್ಲಿತ್ತು. ಕುದಿಸಲು ಎಷ್ಟೋ ಮನೆಗಳಲ್ಲಿ ಕರೆಂಟೇ ಇರಲಿಲ್ಲ. 2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಬಂದಾಗ 20 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು. ಕೆಲವು ಕಡೆ ಕರೆಂಟು ಮರಳಲು ವಾರಕ್ಕಿಂತ ಹೆಚ್ಚು ಹಿಡಿಯಿತು, ಅದೂ ಸುಡುವ ಸೆಕೆಯಲ್ಲಿ. 2017ರ ಹಾರ್ವೆ ಚಂಡಮಾರುತದ ಮಳೆಯಲ್ಲಿ ರಸ್ತೆಗಳೇ ಮುಳುಗಿ, ಅಂಗಡಿ ತೆರೆದಿದ್ದರೂ ಹೋಗುವ ದಾರಿ ಇರಲಿಲ್ಲ. ಇನ್ನು ಗಾಳಿಮಳೆಯ ಸಂಬಂಧವೇ ಇಲ್ಲದ ಕೊರತೆಗಳೂ ಉಂಟು. 2020ರ ಮಾರ್ಚ್‌ನಲ್ಲಿ ಕೊರೋನಾ ಭಯಕ್ಕೆ ಅಕ್ಕಿ, ಹಿಟ್ಟಿನ ಸಾಲುಗಳು ಬರಿದಾದವು. 2023ರ ಜುಲೈನಲ್ಲಿ ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿದ ಸುದ್ದಿ ಬರುತ್ತಲೇ ಅಮೆರಿಕದ ಭಾರತೀಯ ಅಂಗಡಿಗಳಲ್ಲಿ ಜನ ಮೂಟೆಗಳಿಗೆ ಮುಗಿಬಿದ್ದರು. ಮನೆಯಲ್ಲಿ ಮೂರು ತಿಂಗಳ ಅಕ್ಕಿ ಇದ್ದವರಿಗೆ ಆ ಗದ್ದಲಕ್ಕೆ ಹೋಗುವ ಅಗತ್ಯ ಬೀಳಲಿಲ್ಲ.

ಆದ್ದರಿಂದ ದಿನಸಿಯನ್ನು ಮೂರು ಪಾಲಾಗಿ ಯೋಚಿಸಿ ಎಂಬುದು ನಮ್ಮ ಸಲಹೆ: ನೀರೂ ಒಲೆಯೂ ಬೇಡದ್ದು, ಸ್ವಲ್ಪ ನೀರಿದ್ದರೆ ಸಾಕಾದದ್ದು, ಅಡುಗೆಮನೆ ಪೂರ್ತಿ ನಡೆಯುವಾಗ ಮಾತ್ರ ಉಪಯೋಗಕ್ಕೆ ಬರುವುದು. ನಮ್ಮವರ ಮನೆಗಳಲ್ಲಿ ಮೂರನೆಯದು ಧಾರಾಳವಾಗಿ ಇರುತ್ತದೆ. ಮೊದಲೆರಡನ್ನು ಮೊದಲು ತುಂಬಿಸಿ.

ಮೊದಲ ಎರಡು ವಾರ

ನೀರಿನಿಂದ ಆರಂಭಿಸಿ. ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ಎಂಬುದು ಇಲ್ಲಿನ ಸರ್ಕಾರಿ ಇಲಾಖೆಗಳು ಹೇಳುವ ಕನಿಷ್ಠ ಲೆಕ್ಕ. ನಾಲ್ವರಿಗೆ ಎರಡು ವಾರಕ್ಕೆ 56 ಗ್ಯಾಲನ್, ಅಂದರೆ 212 ಲೀಟರ್ ಆಗುತ್ತದೆ. ಅಪಾರ್ಟ್‌ಮೆಂಟಿನಲ್ಲಿ ಇಷ್ಟಕ್ಕೆ ಜಾಗವಿಲ್ಲ ಎನ್ನುವವರು ಮೂರು ದಿನದ ನೀರನ್ನಾದರೂ ಈ ವಾರವೇ ತನ್ನಿ. ಉಳಿದದ್ದನ್ನು ಮಂಚದ ಕೆಳಗೆ, ಬಟ್ಟೆಯ ಕಪಾಟಿನ ತಳದಲ್ಲಿ ಕ್ರಮೇಣ ಸೇರಿಸಿ. ನಲ್ಲಿಯಿಂದ ನೀವೇ ತುಂಬಿಟ್ಟ ನೀರನ್ನು ಆರು ತಿಂಗಳಿಗೊಮ್ಮೆ ಬದಲಿಸಬೇಕು. ಹಾಲಿನ ಪ್ಲಾಸ್ಟಿಕ್ ಕ್ಯಾನುಗಳನ್ನು ಇದಕ್ಕೆ ಬಳಸಬೇಡಿ, ಎಷ್ಟು ತೊಳೆದರೂ ಹಾಲಿನ ಅಂಶ ಉಳಿದು ಬ್ಯಾಕ್ಟೀರಿಯಾ ಬೆಳೆಯುತ್ತದೆ. ಚಂಡಮಾರುತದ ಮುನ್ಸೂಚನೆ ಬಂದ ದಿನ ಸ್ನಾನದ ತೊಟ್ಟಿಯನ್ನು ತುಂಬಿಸಿಕೊಳ್ಳಿ, ಆ ನೀರು ಶೌಚಾಲಯಕ್ಕೆ ಆಗುತ್ತದೆ. ನಲ್ಲಿ ನೀರನ್ನು ಕುದಿಸಿ ಎಂಬ ಸೂಚನೆ ಬಂದರೆ, ನೀರು ಕೊತಕೊತ ಕುದಿಯಲು ತೊಡಗಿದ ಮೇಲೆ ಒಂದು ನಿಮಿಷ ಸಾಕು. ಕುದಿಸಲು ಆಗದಿದ್ದರೆ, ಪರಿಮಳವಿಲ್ಲದ ಸಾದಾ ಬ್ಲೀಚನ್ನು ತಿಳಿನೀರಿಗೆ ಗ್ಯಾಲನ್ನಿಗೆ 8 ಹನಿಯಂತೆ ಹಾಕಿ ಅರ್ಧ ಗಂಟೆ ಬಿಡಿ. ಬಾಟಲಿಯ ಮೇಲೆ ಶೇಕಡಾ 6 ಎಂದಿದ್ದರೆ ಈ 8 ಹನಿ, ಶೇಕಡಾ 8.25 ಎಂದಿದ್ದರೆ 6 ಹನಿ.

ಒಲೆ ಬೇಡದ ಊಟದಲ್ಲಿ ನಮ್ಮ ಅಡುಗೆಮನೆಯನ್ನು ಮೀರಿಸುವುದು ಕಷ್ಟ. ತೆಳು ಅವಲಕ್ಕಿಗೆ ಚಿಟಿಕೆ ನೀರು ಚಿಮುಕಿಸಿ ಚಟ್ನಿಪುಡಿ, ಎಣ್ಣೆ, ಹುರಿಗಡಲೆ ಬೆರೆಸಿದರೆ ಒಂದು ಹೊತ್ತು ಕಳೆಯಿತು. ರಾಗಿ ಹುರಿಹಿಟ್ಟಿಗೆ ಬೆಲ್ಲ, ಹಾಲಿನ ಪುಡಿ, ನೀರು ಸೇರಿಸಿದರೆ ಮಕ್ಕಳ ಬೆಳಗಿನ ತಿಂಡಿ ಆಯಿತು. ಕಡಲೆಬೀಜ, ಖರ್ಜೂರ, ಬಿಸ್ಕತ್ತು, ಉಪ್ಪಿನಕಾಯಿ ಹೇಗೂ ಇರುತ್ತವೆ. ಜೊತೆಗೆ ಎಂಟಿಆರ್‌ನಂತಹ ಕಂಪನಿಗಳ ಬಿಸಿಬೇಳೆಬಾತ್, ಪಲ್ಯದ ಪೊಟ್ಟಣಗಳನ್ನು ತಂದಿಡಿ. ಅವು ಒಳಗೇ ಬೆಂದು ಮುಚ್ಚಿದವು, ಬಿಸಿ ಮಾಡದೆಯೂ ತಿನ್ನಬಹುದು. ಆದರೆ ಉಪ್ಪು ಹೆಚ್ಚಿರುತ್ತದೆ. ರಕ್ತದೊತ್ತಡ ಇರುವ ಹಿರಿಯರಿಗೆ ದಿನವೂ ಕೊಡಬೇಡಿ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ಡಬ್ಬಿಯ ಕಾಬೂಲಿ ಕಡಲೆ, ರಾಜ್ಮಾ ಕೂಡ ಬೆಂದೇ ಇರುತ್ತವೆ. ಡಬ್ಬಿ ತೆರೆಯುವ ಕೈ ಸಾಧನವನ್ನು ಅವುಗಳ ಪಕ್ಕದಲ್ಲೇ ಇಡಿ.

ಗೊಜ್ಜವಲಕ್ಕಿಯ ಒಣ ಮಿಶ್ರಣವನ್ನಂತೂ ಪ್ರತಿ ಮನೆಯಲ್ಲೂ ಮಾಡಿಡಬೇಕು. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯಂತೆ ತರಿ ಮಾಡಿಕೊಳ್ಳಿ. ಎಣ್ಣೆಯಲ್ಲಿ ಸಾಸಿವೆ, ಕಡಲೆಬೀಜ, ಒಣಮೆಣಸಿನಕಾಯಿ, ಇಂಗು ಹಾಕಿ, ಕರಿಬೇವು ಗರಿಗರಿಯಾಗಿ ತೇವ ಪೂರ್ತಿ ಹೋಗುವವರೆಗೆ ಹುರಿದು, ಆರಿದ ಮೇಲೆ ತರಿಗೆ ಸೇರಿಸಿ. ಸಾರಿನ ಪುಡಿ, ಹುಣಸೆ ಪುಡಿ, ಉಪ್ಪು, ಒಂದಿಷ್ಟು ಬೆಲ್ಲದ ಪುಡಿ ಬೆರೆಸಿ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಕೊಬ್ಬರಿ ಹಾಕಬೇಡಿ, ಈ ಊರಿನ ಸೆಕೆಗೆ ಬೇಗ ಕಮಟು ಹಿಡಿಯುತ್ತದೆ. ತಿನ್ನುವಾಗ ಒಂದು ಲೋಟ ಮಿಶ್ರಣಕ್ಕೆ ಹೆಚ್ಚುಕಡಿಮೆ ಒಂದು ಲೋಟ ತಣ್ಣೀರು ಕಲಸಿ ಕಾಲು ಗಂಟೆ ಮುಚ್ಚಿಟ್ಟರೆ ಉದುರುದುರಾಗಿ ಅರಳುತ್ತದೆ. ಒಂದು ಲೋಟ ಅಕ್ಕಿಯನ್ನು ತೊಳೆದು, ಬೇಯಿಸಿ, ಪಾತ್ರೆ ಉಜ್ಜಲು ಇದರ ಹಲವು ಪಟ್ಟು ನೀರು ಬೇಕು. ನೀರನ್ನು ಅಳೆದು ಬಳಸುವ ದಿನಗಳಲ್ಲಿ ಈ ವ್ಯತ್ಯಾಸ ದೊಡ್ಡದು.

ಕರೆಂಟು ಹೋದ ಮೇಲೆ ಫ್ರಿಜ್ಜಿನ ಬಾಗಿಲು ತೆರೆಯದೇ ಇದ್ದರೆ ಒಳಗಿನ ಪದಾರ್ಥ ಸುಮಾರು 4 ಗಂಟೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದಾದರೆ 24 ಗಂಟೆ ತಾಳುತ್ತದೆ. ಆಮೇಲೆ ಹಾಲು, ಅನ್ನ, ಸಾಂಬಾರು ಎಲ್ಲವನ್ನೂ ಚೆಲ್ಲಿಬಿಡಿ. ಅನ್ನ ಚೆಲ್ಲಲು ನಮ್ಮವರಿಗೆ ಮನಸ್ಸು ಬಾರದು ಎಂಬುದು ಗೊತ್ತು. ಆದರೂ ಆಸ್ಪತ್ರೆ ತಲುಪುವುದೇ ಕಷ್ಟವಾದ ದಿನ ಹೊಟ್ಟೆ ಕೆಡಿಸಿಕೊಳ್ಳುವುದು ಬೇಡ.

ಒಲೆಯ ವಿಷಯದಲ್ಲಿ ಎಚ್ಚರ

ಇದನ್ನು ದಯವಿಟ್ಟು ಮನೆಯ ಎಲ್ಲರಿಗೂ ಓದಿ ಹೇಳಿ. ಇದ್ದಿಲಿನ ಒಲೆ, ಕ್ಯಾಂಪಿನ ಗ್ಯಾಸ್ ಒಲೆ, ಜನರೇಟರ್ ಇವುಗಳನ್ನು ಮನೆಯೊಳಗೆ, ಗ್ಯಾರೇಜಿನಲ್ಲಿ, ಗ್ಯಾರೇಜಿನ ಬಾಗಿಲು ತೆರೆದಿಟ್ಟುಕೊಂಡು ಕೂಡ, ಹಚ್ಚಬಾರದು. ಅವುಗಳಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. 2021ರ ಚಳಿಯಲ್ಲಿ ಬೆಚ್ಚಗಿರಲೆಂದು ಹೀಗೆ ಮಾಡಿ ಈ ಊರಿನಲ್ಲೇ ಜೀವಗಳು ಹೋದವು. ಜನರೇಟರ್ ಮನೆಯಿಂದ ಕನಿಷ್ಠ 20 ಅಡಿ ದೂರವಿರಲಿ, ಅದರ ಹೊಗೆ ಕಿಟಕಿಯ ಕಡೆ ಬರದಿರಲಿ. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಕೊಳ್ಳಿ. ಮನೆಯಲ್ಲಿ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ಹೊರಗೆ ಓಡಿ, 911ಕ್ಕೆ ಕರೆ ಮಾಡಿ. ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಒಲೆ ಹಚ್ಚುವುದನ್ನು ಬಾಡಿಗೆ ಕರಾರು ನಿಷೇಧಿಸಿರಬಹುದು, ಅದನ್ನೂ ಓದಿ ನೋಡಿ.

ತಿಂಗಳ ಲೆಕ್ಕ, ವರ್ಷದ ಲೆಕ್ಕ

ಎರಡು ವಾರದ ವ್ಯವಸ್ಥೆ ಆದ ಮೇಲೆ ದೊಡ್ಡ ದಾಸ್ತಾನಿಗೆ ಕೈ ಹಾಕಿ. ದೊಡ್ಡವರೊಬ್ಬರಿಗೆ ದಿನಕ್ಕೆ 400 ಗ್ರಾಂ ಧಾನ್ಯ, 100 ಗ್ರಾಂ ಬೇಳೆಕಾಳು, 30 ಮಿಲಿಲೀಟರ್ ಎಣ್ಣೆ ಹಿಡಿದರೆ ಸುಮಾರು 2000 ಕ್ಯಾಲೊರಿ ಸಿಗುತ್ತದೆ. ತಿಂಗಳಿಗೆ ಅದು 12 ಕಿಲೋ ಧಾನ್ಯ, 3 ಕಿಲೋ ಬೇಳೆ, ಲೀಟರಿಗೆ ತುಸು ಕಡಿಮೆ ಎಣ್ಣೆ. ಇಬ್ಬರು ದೊಡ್ಡವರು, ಇಬ್ಬರು ಸಣ್ಣ ಮಕ್ಕಳಿರುವ ಮನೆಯನ್ನು ಮೂವರೆಂದು ಎಣಿಸಿದರೆ 36 ಕಿಲೋ ಧಾನ್ಯವಾಯಿತು, ಎಂದರೆ 20 ಪೌಂಡಿನ ನಾಲ್ಕು ಮೂಟೆ. ವೀಸಾ, ಕೆಲಸ, ಊರು ಎಲ್ಲವೂ ಇನ್ನೂ ಗಟ್ಟಿಯಾಗದ ಹೊಸ ಕುಟುಂಬಕ್ಕೆ ಒಂದರಿಂದ ಮೂರು ತಿಂಗಳ ದಾಸ್ತಾನು ಸಾಕು. 25 ವರ್ಷ ಬಾಳುತ್ತದೆಂದು ಮಾರುವ ದುಬಾರಿ ಬಕೆಟ್ ಊಟಗಳಿಗೆ ಹಣ ಸುರಿಯಬೇಡಿ. ಮಕ್ಕಳು ಎಂದೂ ತಿಂದಿರದ ರುಚಿಯನ್ನು ಕಷ್ಟದ ದಿನದಲ್ಲಿ ತಿನ್ನಿಸುವುದು ಸುಲಭವಲ್ಲ.

ಎಲ್ಲ ದಿನಸಿಯೂ ಒಂದೇ ಸಮ ಬಾಳುವುದಿಲ್ಲ. ಬಿಳಿ ಅಕ್ಕಿ ಚೆನ್ನಾಗಿ ಬಾಳುತ್ತದೆ. ಕೆಂಪಕ್ಕಿ, ಬ್ರೌನ್ ರೈಸ್, ಗೋಧಿ ಹಿಟ್ಟು ತೌಡಿನ ಎಣ್ಣೆಯಂಶದಿಂದಾಗಿ ಕೆಲವೇ ತಿಂಗಳಲ್ಲಿ ಕಮಟುತ್ತವೆ. ರಾಗಿಯನ್ನು ಹಿಟ್ಟಾಗಿಯಲ್ಲ, ಕಾಳಾಗಿ ಇಡಿ. ಹಳೆ ಮೈಸೂರು ಸೀಮೆಯಲ್ಲಿ ಬರಗಾಲಕ್ಕೆಂದು ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಅಷ್ಟು ಸಣ್ಣ ಕಾಳಿಗೆ ಹುಳು ಸುಲಭವಾಗಿ ಹೊಗುವುದಿಲ್ಲ, ಗಾಳಿಯಾಡದ ಹಗೇವಿನಲ್ಲಿ ಬದುಕುವುದೂ ಇಲ್ಲ. ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಹಿಟ್ಟು, ಹುರಿಹಿಟ್ಟು ಮಾಡಿಕೊಳ್ಳಿ. ಹಳೆಯ ಕಾಳುಗಳು ಗಟ್ಟಿಯಾಗಿ ಬೇಯಲು ಸತಾಯಿಸುತ್ತವೆ, ಅನಿಲವನ್ನೂ ಹೆಚ್ಚು ತಿನ್ನುತ್ತವೆ. ದಾಸ್ತಾನಿನಲ್ಲಿ ತೊಗರಿಗಿಂತ ಬೇಗ ಬೇಯುವ ಹೆಸರುಬೇಳೆ ಹೆಚ್ಚಿರಲಿ.

ಹುಳುವಿನ ಕಾಟಕ್ಕೆ ಸರಳ ಉಪಾಯ ಫ್ರೀಜರ್. ಅಕ್ಕಿ, ರವೆ, ಬೇಳೆಯನ್ನು ಮುಚ್ಚಿದ ಚೀಲದಲ್ಲಿ ನಾಲ್ಕು ದಿನ ಇಟ್ಟರೆ ಮೊಟ್ಟೆಗಳೂ ಸಾಯುತ್ತವೆ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ತೇವ ಕೂತು ಮುಗ್ಗಲು ಹಿಡಿಯುತ್ತದೆ. ವರ್ಷಗಟ್ಟಲೆ ಇಡಬೇಕಾದ ಅಕ್ಕಿಗೆ ಮೈಲಾರ್ ಎಂಬ ಗಾಳಿಯಾಡದ, ಬೆಳ್ಳಿಬಣ್ಣದ ಚೀಲ ಮತ್ತು ಆಮ್ಲಜನಕ ಹೀರುವ ಪೊಟ್ಟಣ ಬಳಸಿ, ಚೀಲದ ಬಾಯನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಮುಚ್ಚಿ, ಬಕೆಟ್ಟಿನೊಳಗೆ ಇಡಿ. 5 ಗ್ಯಾಲನ್ ಬಕೆಟ್ಟಿನಲ್ಲಿ ಸುಮಾರು 15 ಕಿಲೋ ಅಕ್ಕಿ ಹಿಡಿಯುತ್ತದೆ. ಪೊಟ್ಟಣಗಳ ಕಟ್ಟನ್ನು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಬಳಸಿ ಮುಗಿಸಬೇಕಾದ್ದರಿಂದ ಎರಡು ಮೂರು ಮನೆಯವರು ಸೇರಿ ಒಂದೇ ಮಧ್ಯಾಹ್ನ ಮಾಡಿದರೆ ಖರ್ಚೂ ಕಡಿಮೆ. ಸಕ್ಕರೆಗೆ ಈ ಪೊಟ್ಟಣ ಹಾಕಿದರೆ ಕಲ್ಲಾಗುತ್ತದೆ. ಬೆಲ್ಲ, ಖರ್ಜೂರದಂತಹ ತೇವದ ಪದಾರ್ಥಕ್ಕೆ ಹಾಕಲೇಬೇಡಿ. ಗಾಳಿಯಿಲ್ಲದ ತೇವದಲ್ಲಿ ಪ್ರಾಣಾಪಾಯದ ವಿಷ ಹುಟ್ಟುವ ಸಂಭವವಿದೆ.

ಗ್ಯಾರೇಜಿನಲ್ಲಾಗಲಿ ಅಟ್ಟದಲ್ಲಾಗಲಿ ದಿನಸಿ ಇಡಬೇಡಿ. ಬೇಸಿಗೆಯ ಕಾವಿಗೆ ಎಣ್ಣೆ, ಹಾಲಿನ ಪುಡಿ, ಔಷಧಿ ಎಲ್ಲ ಕೆಡುತ್ತವೆ. ಎಸಿ ಇರುವ ಒಳಕೋಣೆಯ ಕಪಾಟು ಒಳ್ಳೆಯದು, ನೆಲಮಹಡಿಯವರಾದರೆ ಮೇಲಿನ ಹಲಗೆಗಳಲ್ಲಿ. ಪ್ರವಾಹದ ನೀರು ತಾಕಿದ ಮೂಟೆ, ಪ್ಲಾಸ್ಟಿಕ್ ಡಬ್ಬಿ, ತಿರುಪು ಮುಚ್ಚಳದ ಉಪ್ಪಿನಕಾಯಿ ಬಾಟಲಿಗಳನ್ನು ಎಸೆಯಲೇಬೇಕು. ನಜ್ಜದ ತಗಡಿನ ಡಬ್ಬಿಗಳನ್ನು ಚೀಟಿ ಕಿತ್ತು, ಸೋಪಿನಲ್ಲಿ ತೊಳೆದು, ಬ್ಲೀಚ್ ನೀರಿನಲ್ಲಿ ಅದ್ದಿ ಉಳಿಸಿಕೊಳ್ಳಬಹುದು.

ಊರಿನಿಂದ ಅಪ್ಪ ಅಮ್ಮ ಬಂದಿದ್ದರೆ ಅವರ ಮಾತ್ರೆಗಳು ಎರಡು ವಾರಕ್ಕಾದರೂ ಹೆಚ್ಚುವರಿ ಇರಲಿ. ಇನ್ಸುಲಿನ್ ಬಳಸುವವರಿಗೆ ತಂಪುಪೆಟ್ಟಿಗೆ, ಹಸುಗೂಸಿರುವ ಮನೆಗೆ ಕೂಸುಗಳಿಗೆಂದೇ ತಯಾರಿಸಿದ ಹಾಲಿನ ಪುಡಿ (ಫಾರ್ಮುಲಾ) ಮತ್ತು ಅದನ್ನು ಕಲಸಲು ಬೇರೆಯೇ ಶುದ್ಧ ನೀರು ತಪ್ಪದೆ ಬೇಕು.

ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30. ಯುಗಾದಿಗೆ ಮನೆ ತೊಳೆಯುವಾಗ ಒಮ್ಮೆ, ದೀಪಾವಳಿಯ ಹೊತ್ತಿಗೆ ಇನ್ನೊಮ್ಮೆ ಎಲ್ಲವನ್ನೂ ಹೊರತೆಗೆದು ದಿನಾಂಕ ನೋಡಿ. ಚೀಲಗಳ ಮೇಲೆ ಕೊಂಡ ತಿಂಗಳನ್ನು ದಪ್ಪ ಅಕ್ಷರದಲ್ಲಿ ಬರೆದು, ಹಳೆಯದನ್ನು ಮುಂದಿಟ್ಟು ಮೊದಲು ಬಳಸಿ, ಹೊಸದನ್ನು ಹಿಂದೆ ಸೇರಿಸಿ. ಕೆಲಸ ಬದಲಾಗಿ ಬೇರೆ ರಾಜ್ಯಕ್ಕೆ ಹೊರಟರೆ ಒಡೆಯದ ಡಬ್ಬಿ, ಪೊಟ್ಟಣಗಳನ್ನು ಹ್ಯೂಸ್ಟನ್ ಫುಡ್ ಬ್ಯಾಂಕಿಗೆ ಕೊಡಿ. ಅಕ್ಕಿಯ ಬಕೆಟ್ಟುಗಳಿದ್ದರೆ ನಮ್ಮ ಕನ್ನಡ ಸಂಘಕ್ಕೆ ತಿಳಿಸಿ, ಆ ತಿಂಗಳು ಹೊಸದಾಗಿ ಬಂದವರ ಮನೆಗೆ ತಲುಪಿಸುತ್ತೇವೆ.