ವಾರ್ಡ್ ಬಿಟ್ಟು ಯುಟಿಲೈಸೇಶನ್ ರಿವ್ಯೂ ಕಡೆ ಹೋಗುವುದು ಹೇಗೆ?

ಅಮೆರಿಕದಲ್ಲಿ ನರ್ಸ್ ಆಗಿ ನೈಟ್ ಡ್ಯೂಟಿ ಮಾಡಿ ಸಾಕಾಗಿದೆಯಾ? ಯುಟಿಲೈಸೇಶನ್ ರಿವ್ಯೂ ಅಂದರೆ ಆಸ್ಪತ್ರೆ ಅಥವಾ ಇನ್ಶೂರೆನ್ಸ್ ಕಂಪನಿ ಪರವಾಗಿ ರೋಗಿಯ ಚಾರ್ಟ್ (ಚಿಕಿತ್ಸೆಯ ದಾಖಲೆ) ಓದಿ, ಆ ಚಿಕಿತ್ಸೆ ನಿಜಕ್ಕೂ ಬೇಕಾ ಅಂತ ಪರಿಶೀಲಿಸುವ ಕೆಲಸ. ಮೊದಲು ನಿಮ್ಮ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಇದನ್ನು ನೋಡಿಕೊಳ್ಳುವ ಕೇಸ್ ಮ್ಯಾನೇಜ್‌ಮೆಂಟ್‌ ವಿಭಾಗದವರನ್ನೇ ಕೇಳಿ, ಒಂದು ದಿನ ಪಕ್ಕದಲ್ಲಿ ಕೂತು ಕೆಲಸ ನೋಡಿ. ಅನುಭವ ಇಲ್ಲದೆ ಇನ್ಶೂರೆನ್ಸ್ ಕಂಪನಿಗೆ ನೇರವಾಗಿ ಹೋಗುವುದಕ್ಕಿಂತ ಇದು ವಾಸಿ. ರೋಗಿಗೆ ಯಾವ ಮಟ್ಟದ ಚಿಕಿತ್ಸೆ ಬೇಕು ಅಂತ ಅಳೆಯಲು ಬಳಸುವ ಇಂಟರ್‌ಕ್ವಾಲ್, ಎಂಸಿಜಿ ಮಾನದಂಡಗಳ ಪರಿಚಯ ಮಾಡಿಕೊಳ್ಳಿ. ಮೆಡಿಕೇರ್‌ನ (ಮುಖ್ಯವಾಗಿ ಹಿರಿಯರಿಗೆ ಅಮೆರಿಕ ಸರ್ಕಾರ ಕೊಡುವ ಆರೋಗ್ಯ ವಿಮೆ) 2013ರ ‘ಎರಡು ಮಧ್ಯರಾತ್ರಿ’ ನಿಯಮವನ್ನಂತೂ ಬಿಡಬೇಡಿ: ರೋಗಿಗೆ ಎರಡು ಮಧ್ಯರಾತ್ರಿ ದಾಟುವಷ್ಟು ಆಸ್ಪತ್ರೆ ಚಿಕಿತ್ಸೆ ಬೇಕಾಗುತ್ತದೆ ಅಂತ ಡಾಕ್ಟರಿಗೆ ಅನ್ನಿಸಿ, ಚಾರ್ಟ್ ಕೂಡ ಅದನ್ನೇ ಹೇಳಿದರೆ ಸಾಮಾನ್ಯವಾಗಿ ಇನ್‌ಪೇಶೆಂಟ್ (ಒಳರೋಗಿ), ಇಲ್ಲದಿದ್ದರೆ ಹೆಚ್ಚಾಗಿ ಅಬ್ಸರ್ವೇಶನ್ (ಒಳರೋಗಿಯಾಗಿ ದಾಖಲಿಸದೆ ನಿಗಾದಲ್ಲಿ ಇಡುವುದು).

ಈಗಿಂದಲೇ ಚಾರ್ಟನ್ನು ಆ ಕಣ್ಣಲ್ಲಿ ಓದಿ. ‘ಉಸಿರಾಟದ ತೊಂದರೆ’ ಅಂತ ಸುಮ್ನೆ ಬರೆದರೆ ಸಾಲದು. ರಕ್ತದಲ್ಲಿ ಆಕ್ಸಿಜನ್ ಮಟ್ಟ ಶೇ. 86, ಮೂಗಿನ ನಳಿಕೆಯಲ್ಲಿ ನಿಮಿಷಕ್ಕೆ 4 ಲೀಟರ್ ಆಕ್ಸಿಜನ್, ದಿನಕ್ಕೆ ಎಷ್ಟು ಸಲ ಐವಿ ಔಷಧಿ, ರಿವ್ಯೂ ಮಾಡುವವರು ಹುಡುಕುವುದು ಇಂಥದ್ದನ್ನೇ. ಕೆಲವು ಕಡೆ ಈ ರಿವ್ಯೂ ಕೆಲಸವನ್ನು ಮನೆಯಿಂದಲೇ ಮಾಡಬಹುದು, ಆದರೆ ಅದು ಆರಾಮ ಅಂದುಕೊಳ್ಳಬೇಡಿ, ಕೇಸ್‌ಗಳ ಟಾರ್ಗೆಟ್ ಜಾಸ್ತಿನೇ ಇರುತ್ತದೆ.