ಬುಲ್‌ಮಾಸ್ಟಿಫ್ ಮರಿ ತರುವ ಮುಂಚೆ

ನಮ್ಮ ಮನೆಯಲ್ಲಿ ಒಂದರ ನಂತರ ಒಂದರಂತೆ ಮೂರು ಬುಲ್‌ಮಾಸ್ಟಿಫ್ ತಳಿಯ ನಾಯಿಗಳು ಬೆಳೆದವು. ಮರಿ ತರಬೇಕೆಂದಿರುವವರು ನನ್ನನ್ನು ಮೊದಲು ಕೇಳುವುದು, "ಇದಕ್ಕೆ ಕಾವಲು ಕಾಯೋದನ್ನ ಹೇಗೆ ಕಲಿಸ್ಬೇಕು?" ಅಂತ. ಕಲಿಸಲೇಬೇಡಿ ಅನ್ನುತ್ತೇನೆ. ಅದು ರಕ್ತದಲ್ಲೇ ಬಂದಿರುತ್ತದೆ. ನೀವು ಕಲಿಸಬೇಕಾದದ್ದು ಸುಮ್ಮನಿರುವುದನ್ನು.

ಈ ತಳಿ ಹುಟ್ಟಿದ ಬಗೆ ಗೊತ್ತಿದ್ದರೆ ನನ್ನ ಮಾತು ಅರ್ಥವಾಗುತ್ತದೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡ ಜಮೀನುಗಳ ಬೇಟೆಪ್ರಾಣಿಗಳನ್ನು ಕಾಯುವವರಿಗೆ ರಾತ್ರಿಹೊತ್ತು ಕಳ್ಳಬೇಟೆಗಾರರ ಕಾಟ ವಿಪರೀತವಾಗಿತ್ತು. ಅವರಿಗೆ ಬೇಕಿದ್ದದ್ದು ಕಳ್ಳನನ್ನು ಹರಿದುಹಾಕುವ ನಾಯಿಯಲ್ಲ. ಸದ್ದಿಲ್ಲದೆ ಹೋಗಿ, ಆಳನ್ನು ಕೆಡವಿ, ಯಜಮಾನ ಬರುವ ತನಕ ಅದುಮಿ ಹಿಡಿಯುವ ನಾಯಿ. ಭಾರೀ ಮೈಕಟ್ಟಿನ ಮಾಸ್ಟಿಫ್ ತಳಿಗೆ ಓಟ ಸಾಲದು, ಆಗಿನ ಬುಲ್‌ಡಾಗ್ ತೀರಾ ಉಗ್ರ. ಎರಡನ್ನೂ ಕೂಡಿಸಿ, ಮಾಸ್ಟಿಫ್ ಪಾಲು ಸುಮಾರು ಶೇ. 60, ಬುಲ್‌ಡಾಗ್ ಪಾಲು ಶೇ. 40 ಇರುವಂತೆ ಈ ತಳಿಯನ್ನು ರೂಪಿಸಿದರು. 1924ರಲ್ಲಿ ನಾಯಿ ತಳಿಗಳನ್ನು ನೋಂದಾಯಿಸುವ ಅಲ್ಲಿನ ಕೆನಲ್ ಕ್ಲಬ್ ಇದನ್ನು ಬೇರೆಯೇ ತಳಿಯೆಂದು ಒಪ್ಪಿಕೊಂಡಿತು. ಕತ್ತಲಲ್ಲಿ ಕಣ್ಣಿಗೆ ಬೀಳಬಾರದೆಂದು ಆ ಕಾವಲುಗಾರರು ಗಾಢ ಬಣ್ಣದ ಪಟ್ಟೆಗಳ ನಾಯಿಯನ್ನೇ ಹೆಚ್ಚು ಇಷ್ಟಪಡುತ್ತಿದ್ದರಂತೆ.

ಆ ಗುಣ ಇಂದಿಗೂ ಹೋಗಿಲ್ಲ. ನಮ್ಮ ಎರಡನೆಯ ನಾಯಿ, ಹೆಣ್ಣು, ವರ್ಷಕ್ಕೆ ನಾಲ್ಕು ಸಲ ಬೊಗಳಿದ್ದರೆ ಹೆಚ್ಚು. ಒಮ್ಮೆ ಅಪರಿಚಿತನೊಬ್ಬ ಗೇಟು ತೆಗೆದು ಒಳಗೆ ಬಂದ. ಅದು ಎದ್ದು ನಡೆದುಹೋಗಿ ಅವನ ಎದುರು ಅಡ್ಡಲಾಗಿ ನಿಂತಿತು, ಅಷ್ಟೇ. ಗುರುಗುಟ್ಟಲಿಲ್ಲ, ಹಲ್ಲು ತೋರಿಸಲಿಲ್ಲ. ನಾನು ಬಂದು ನಾಯಿಯ ಹೆಗಲ ಮೇಲೆ ಕೈಯಿಡುವ ತನಕ ಅವನೂ ಅಲುಗಲಿಲ್ಲ, ಅದೂ ಅಲುಗಲಿಲ್ಲ. ಇಂಥ ನಾಯಿಗೆ "ಹಿಡಿ, ಕಚ್ಚು" ಎಂದು ಹುರಿದುಂಬಿಸುವುದು ಅದಕ್ಕೂ ಅನ್ಯಾಯ, ಬಂದವರಿಗೂ ಅಪಾಯ. ಸರಪಳಿ ಹಾಕಿ ಮೂಲೆಯಲ್ಲಿ ಕಟ್ಟಿದರೂ ಕೆಡುತ್ತದೆ. ಮನೆಯವರ ಕಾಲಬಳಿ ಬಿದ್ದುಕೊಂಡಿರುವುದೇ ಅದಕ್ಕೆ ಸುಖ.

ಮರಿಗೆ 3ರಿಂದ 14 ವಾರ ತುಂಬುವ ಹೊತ್ತಿನೊಳಗೆ ಲೋಕವನ್ನು ತೋರಿಸಿಬಿಡಿ. ಮಕ್ಕಳು, ಮುದುಕರು, ಕೊಡೆ ಹಿಡಿದವರು, ವಾಹನದ ಸದ್ದು, ಎಲ್ಲವೂ ಅದಕ್ಕೆ ಮಾಮೂಲು ಅನ್ನಿಸಬೇಕು. ಲಸಿಕೆ ಪೂರ್ತಿಯಾಗುವ ತನಕ ನೆಲಕ್ಕೆ ಬಿಡದೆ ಎತ್ತಿಕೊಂಡು ಹೋಗಿ. ಮೈಮೇಲೆ ಹಾರುವುದನ್ನು ಮೊದಲ ದಿನದಿಂದಲೇ ತಡೆಯಿರಿ. 8 ಕಿಲೋ ಮರಿ ಹಾರಿದರೆ ಮುದ್ದು, ಅದೇ ಗಂಡುನಾಯಿ ಬೆಳೆದು 50ರಿಂದ 59 ಕಿಲೋ ತೂಗುವಾಗ ಹಾರಿದರೆ ಮನೆಯ ಹಿರಿಯರ ಸೊಂಟ ಮುರಿಯುತ್ತದೆ. ಹಗ್ಗ ಎಳೆಯದೆ ಪಕ್ಕದಲ್ಲೇ ನಡೆಯುವುದನ್ನೂ ನಿಮ್ಮ ತೋಳಿಗೆ ಬಲವಿರುವಾಗಲೇ ಕಲಿಸಿ. ಹೊಡೆಯಬೇಡಿ. ನೋಡಲು ಬಂಡೆಯಂತಿದ್ದರೂ ಇದರ ಮನಸ್ಸು ಬಹಳ ಮೆತ್ತಗೆ, ಒಂದು ಗದರಿಕೆಗೇ ಮುಖ ಸಣ್ಣದು ಮಾಡಿಕೊಳ್ಳುತ್ತದೆ. ಹೊಡೆತ ತಿಂದರೆ ಹಟ ಹಿಡಿಯುತ್ತದೆ.

ಇನ್ನು ಊಟ. ಹೆಚ್ಚಿನವರು ತಪ್ಪುವುದು ಇಲ್ಲೇ, ನಾನೂ ಮೊದಲನೆಯದರಲ್ಲಿ ತಪ್ಪಿದೆ. ದೊಡ್ಡ ಜಾತಿ, ಚೆನ್ನಾಗಿ ತಿನ್ನಲಿ ಎಂದು ಮರಿಯನ್ನು ದುಂಡಗೆ ಬೆಳೆಸಿದೆ, ಮೂಳೆ ಗಟ್ಟಿಯಾಗಲೆಂದು ಕ್ಯಾಲ್ಸಿಯಂ ಪುಡಿಯನ್ನೂ ಬೆರೆಸಿದೆ. ಎಳೆಯ ಮರಿಯ ಕರುಳಿಗೆ ಹೆಚ್ಚಾದ ಕ್ಯಾಲ್ಸಿಯಂ ಅನ್ನು ಬೇಡವೆಂದು ಬಿಡುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಸಿಕ್ಕಿದ್ದನ್ನೆಲ್ಲ ಹೀರಿಕೊಂಡು ಮೂಳೆ ಸೊಟ್ಟಗೆ ಬೆಳೆಯುತ್ತದೆ. ಆ ನಾಯಿ ವರ್ಷ ತುಂಬುವುದರೊಳಗೆ ಮುಂಗಾಲು ಎಳೆಯತೊಡಗಿತು. ಆ ಸಂಕಟ ನನಗೆ ಇಂದಿಗೂ ಇದೆ. ದೊಡ್ಡ ತಳಿಯ ಮರಿಗಳಿಗೆಂದೇ ಮಾಡಿದ ಆಹಾರ ಕೊಟ್ಟರೆ ಮೇಲೆ ಏನೂ ಸೇರಿಸುವುದು ಬೇಡ. ಬದಿಗೆ ಕೈಯಾಡಿಸಿದರೆ ಪಕ್ಕೆಲುಬು ಬೆರಳಿಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಮೂಳೆ ಬಲಿಯಲು ಒಂದೂವರೆ ವರ್ಷವಾದರೂ ಬೇಕು. ಅಲ್ಲಿಯ ತನಕ ಮೆಟ್ಟಿಲು ಹತ್ತಿಸಿ ಇಳಿಸುವುದು, ದೂರ ಓಡಿಸುವುದು ಬೇಡ. ನುಣುಪಾದ ನೆಲದ ಮೇಲೆ ಚಾಪೆ ಹಾಸಿ.

ದಿನದ ಊಟವನ್ನು ಎರಡು ಹೊತ್ತಿಗೆ ಹಂಚಿ, ಉಂಡ ಮೇಲೆ ಒಂದು ಗಂಟೆಯಾದರೂ ಆಟ, ಓಟ ಬೇಡ. ಎದೆ ಆಳವಾಗಿರುವ ದೊಡ್ಡ ನಾಯಿಗಳಿಗೆ ಹೊಟ್ಟೆಯಲ್ಲಿ ಗಾಳಿ ತುಂಬಿ, ಜಠರವೇ ತಿರುಚಿಕೊಳ್ಳುವ ಅಪಾಯವಿದೆ. ಹೊಟ್ಟೆ ತಮಟೆಯಂತೆ ಬಿಗಿದು, ನಾಯಿ ನಿಂತಲ್ಲಿ ನಿಲ್ಲದೆ ಒದ್ದಾಡುತ್ತ, ವಾಂತಿಗೆ ಬಂದಂತೆ ಓಕರಿಸಿದರೂ ಏನೂ ಹೊರಬಾರದಿದ್ದರೆ ಮನೆಮದ್ದು ಮಾಡುತ್ತ ಕೂರಬೇಡಿ. ನಡುರಾತ್ರಿಯಾದರೂ ಸರಿ, ಆ ಕ್ಷಣವೇ ಪಶುವೈದ್ಯರ ಬಳಿ ಒಯ್ಯಿರಿ. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗುತ್ತದೆ.

ಮೂತಿ ಮೋಟಾದ್ದರಿಂದ ಸೆಕೆ ತಡೆಯುವುದಿಲ್ಲ. ತಿರುಗಾಟವೆಲ್ಲ ಬೆಳಗಿನ ಮತ್ತು ಸಂಜೆಯ ತಂಪಿನಲ್ಲಾಗಲಿ. ನೆರಳು, ನೀರು ಯಾವಾಗಲೂ ಇರಲಿ. ಏದುಸಿರು ನಿಲ್ಲದೆ, ನಾಲಿಗೆ ಕಡುಗೆಂಪಾಗಿ ತೂರಾಡಿದರೆ ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಬೀಸುತ್ತಲೇ ವೈದ್ಯರ ಬಳಿ ಹೊರಡಿ.

ಕೂದಲು ಗಿಡ್ಡ, ವಾರಕ್ಕೊಮ್ಮೆ ಬ್ರಷ್ ಆಡಿಸಿದರೆ ಸಾಕು. ಆದರೆ ಜೊಲ್ಲು ಸುರಿಯುತ್ತದೆ, ಅದಕ್ಕೊಂದು ಬಟ್ಟೆ ಬಾಗಿಲಲ್ಲೇ ತೂಗುಹಾಕಿಡಿ. ಮುಖದ ಮಡಿಕೆಗಳಲ್ಲಿ ತೇವ ನಿಂತರೆ ಹುಣ್ಣಾಗುತ್ತದೆ, ದಿನವೂ ಒರೆಸಿ ಒಣಗಿಸಿ. ಬರೀ ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ ಕರಕಲಾಗಿ ಜಡ್ಡುಗಟ್ಟುತ್ತದೆ, ದಪ್ಪನೆಯ ಹಾಸಿಗೆ ಕೊಡಿ.

ಆಯಸ್ಸು ಚಿಕ್ಕದು, 7ರಿಂದ 9 ವರ್ಷ. ಐದು ದಾಟಿದ ಮೇಲೆ ತಿಂಗಳಿಗೊಮ್ಮೆ ಪಕ್ಕದಲ್ಲಿ ಕೂತು ಗಂಟಲಿನಿಂದ ಬಾಲದ ತನಕ ನಿಧಾನಕ್ಕೆ ಕೈಯಾಡಿಸಿ. ಈ ತಳಿಗೆ ಕ್ಯಾನ್ಸರ್ ಗಂಟುಗಳು ಬರುವುದುಂಟು. ನಮ್ಮ ಮೂರನೆಯದರ ದವಡೆಯ ಕೆಳಗೆ ಕಡಲೆಕಾಳಿನಷ್ಟು ಗಂಟು ಹೀಗೆಯೇ ನನ್ನ ಬೆರಳಿಗೆ ಸಿಕ್ಕಿತು. ಬೇಗ ಗೊತ್ತಾದದ್ದರಿಂದ ಚಿಕಿತ್ಸೆ ಕೊಡಿಸಿದೆವು. ಇನ್ನೂ ಒಂದೂವರೆ ವರ್ಷ ಅದು ನನ್ನ ಕುರ್ಚಿಯ ಪಕ್ಕದಲ್ಲೇ ಮಲಗಿತ್ತು.